ಕೈಗೆಟುಕುವ ಬೆಲೆಯಲ್ಲಿ ತೂಕದ ಕೀಗಳ ಡಿಜಿಟಲ್ ಪಿಯಾನೋ: ನಾನು ಆರಿಸಿಕೊಂಡ ಬಗೆ

ತುಮಕೂರಿನ ಎಸ್.ಐ.ಟಿ. ಬಡಾವಣೆಯ ನಮ್ಮ ಮನೆಯಲ್ಲಿ ನಾನು ಮಕ್ಕಳಿಗೆ ಪಿಯಾನೋ ಪಾಠ ಹೇಳಿಕೊಡುತ್ತೇನೆ. ಬಹುಕಾಲ 61 ಕೀಗಳ ಹಗುರವಾದ ಕೀಬೋರ್ಡಿನಲ್ಲಿಯೇ ಪಾಠ ನಡೆಯುತ್ತಿತ್ತು, ಮೊದಲ ವರ್ಷದ ಕಲಿಕೆಗೆ ಅದು ಸಾಕಾಗುತ್ತಿತ್ತು ಕೂಡ. ಆದರೆ ಪಿಯಾನೋ ಪರೀಕ್ಷೆಯಲ್ಲಿ ಎರಡು ಮೂರು ಗ್ರೇಡ್ (ಹಂತ) ದಾಟಿದ ಮಕ್ಕಳು ಬೆಂಗಳೂರಿಗೆ ಹೋಗಿ ನಿಜವಾದ ಪಿಯಾನೋದ ಮುಂದೆ ಕುಳಿತಾಗ, ಮನೆಯಲ್ಲಿ ಸಲೀಸಾಗಿ ನುಡಿಸುತ್ತಿದ್ದ ಪಾಠವೇ ಅವರ ಕೈಗೆ ಬಗ್ಗುತ್ತಿರಲಿಲ್ಲ. ಮೆಲ್ಲಗೆ ಒತ್ತಿದ ಸ್ವರ ಕೇಳಿಸುತ್ತಲೇ ಇರಲಿಲ್ಲ, ಜೋರಾಗಿ ಒತ್ತಿದರೆ ಅದೊಂದೇ ಸ್ವರ ಎದ್ದು ಕೇಳುತ್ತಿತ್ತು. ಅಕೂಸ್ಟಿಕ್, ಎಂದರೆ ತಂತಿಗಳಿಂದಲೇ ನಾದ ಹೊಮ್ಮುವ ಹೊಸ ಪಿಯಾನೋಕ್ಕೆ ಲಕ್ಷಗಟ್ಟಲೆ ಹಣ ಬೇಕು, ವರ್ಷಕ್ಕೆ ಒಂದೆರಡು ಸಲವಾದರೂ ಶ್ರುತಿ ಮಾಡಿಸಬೇಕು, ಶ್ರುತಿ ಮಾಡುವವರನ್ನು ಬೆಂಗಳೂರಿನಿಂದಲೇ ಕರೆಸಬೇಕು. ಆದ್ದರಿಂದ 40ರಿಂದ 60 ಸಾವಿರ ರೂಪಾಯಿಯೊಳಗೆ ತೂಕದ ಕೀಗಳು, ಎಂದರೆ ಒತ್ತಿದಾಗ ನಿಜವಾದ ಪಿಯಾನೋದಂತೆ ಭಾರವೆನಿಸುವ ಕೀಗಳು, 88 ಇರುವ ಡಿಜಿಟಲ್ ಪಿಯಾನೋ ಹುಡುಕಲು ಹೊರಟೆ.

ಹುಡುಕಾಟಕ್ಕೆ ಮೊದಲೇ ಒಂದು ವಿಷಯವನ್ನು ಗಟ್ಟಿ ಮಾಡಿಕೊಂಡಿದ್ದೆ: ಮೊದಲು ಕೀಗಳ ಸ್ಪರ್ಶವನ್ನು ನೋಡಬೇಕು, ನಾದವನ್ನು ಆಮೇಲೆ ಕೇಳಬೇಕು. ನಾದ ಸಾಧಾರಣವಾಗಿದ್ದರೆ ಒಳ್ಳೆಯ ಹೆಡ್‌ಫೋನ್ ಅಥವಾ ಹೊರಗಿನ ಸ್ಪೀಕರ್ ಜೋಡಿಸಿ ಸುಧಾರಿಸಿಕೊಳ್ಳಬಹುದು. ಕೀಗಳ ಯಂತ್ರವನ್ನು ಮಾತ್ರ ಕೊಂಡ ಮೇಲೆ ಬದಲಿಸಲು ಬರುವುದಿಲ್ಲ. ಅಗ್ಗದ ಕೀಬೋರ್ಡಿನಲ್ಲಿ ಒತ್ತಿದ ಕೀಯನ್ನು ಮೇಲಕ್ಕೆ ತರುವುದು ಬರೀ ಸ್ಪ್ರಿಂಗ್. ಹ್ಯಾಮರ್ ಆಕ್ಷನ್ ಎಂದು ಕರೆಯುವ ಯಂತ್ರದಲ್ಲಿ ಪ್ರತಿಯೊಂದು ಕೀಗೂ ಒಂದು ಸಣ್ಣ ತೂಕದ ತೋಳು ಇರುತ್ತದೆ, ನಾವು ಒತ್ತಿದಾಗ ಅದು ಮೇಲೇಳುತ್ತದೆ, ಬಿಟ್ಟಾಗ ತನ್ನ ಭಾರದಿಂದಲೇ ಕೆಳಗಿಳಿದು ಕೀಯನ್ನು ಮರಳಿಸುತ್ತದೆ. ಸ್ಪ್ರಿಂಗ್ ಒತ್ತಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ತೂಕದ ತೋಳು ಮೊದಲ ಚಲನೆಗೆ ತಡೆಯೊಡ್ಡಿ ಆಮೇಲೆ ತಾನೇ ಸಾಗುತ್ತದೆ. ನಿಜವಾದ ಪಿಯಾನೋದಲ್ಲಿ ಬೆರಳು ಕಲಿಯಬೇಕಾದದ್ದು ಈ ಎರಡನೆಯ ನಡವಳಿಕೆಯನ್ನೇ. ‘ಸೆಮಿ ವೆಯ್ಟೆಡ್’ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದು ಹೆಚ್ಚು ಬಿಗಿಯಾದ ಸ್ಪ್ರಿಂಗಿನ ಕೀಬೋರ್ಡು, ಪಿಯಾನೋ ಕಲಿಕೆಗೆ ಸಾಲದು.

ಬೆಂಗಳೂರಿನ ಅಂಗಡಿಗಳಿಗೆ ಹೋಗುವಾಗ ನನ್ನ ಚೀಲದಲ್ಲಿ ಹಿತ್ತಾಳೆ ಬಣ್ಣದ ಐದು ರೂಪಾಯಿ ನಾಣ್ಯಗಳಿದ್ದವು. 2011ರಲ್ಲಿ ಬಂದ ಮಾದರಿಯ ಆ ನಾಣ್ಯದ ತೂಕ 6 ಗ್ರಾಂ, ಅಗಲ 23 ಮಿಲಿಮೀಟರ್. ಹಾಗಾಗಿ ಒಂದು ಬಿಳಿ ಕೀಯ ಮೇಲೆ ಸರಿಯಾಗಿ ಕೂರುತ್ತದೆ. ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರ್ ಇರುವುದರಿಂದ ಪಕ್ಕದ ಕೀಗೆ ತಾಗಿ ನಿಂತುಬಿಡುತ್ತದೆ. ಅಂಗಡಿಯವರ ಒಪ್ಪಿಗೆ ಪಡೆದು, ವಾದ್ಯದ ಸ್ವಿಚ್ ಆಫ್ ಮಾಡಿ, ನಡುವಿನ ಸಿ ಕೀಯ ಮುಂತುದಿಯಲ್ಲಿ ಒಂದರ ಮೇಲೊಂದರಂತೆ ನಾಣ್ಯಗಳನ್ನು ಇಡುತ್ತ ಹೋದೆ. ಎಷ್ಟನೆಯ ನಾಣ್ಯಕ್ಕೆ ಕೀ ತಾನಾಗಿ ನಿಧಾನವಾಗಿ ಕೆಳಗಿಳಿಯುತ್ತದೆಯೋ ಅದು ಆ ಕೀಯನ್ನು ಒತ್ತಲು ಬೇಕಾದ ತೂಕ. ಅಕೂಸ್ಟಿಕ್ ಪಿಯಾನೋದಲ್ಲಿ ಇದು ಸಾಮಾನ್ಯವಾಗಿ 50 ಗ್ರಾಂ ಆಸುಪಾಸಿನಲ್ಲಿರುತ್ತದೆ, ಎಂದರೆ ಎಂಟು ಒಂಬತ್ತು ನಾಣ್ಯ. ಡಿಜಿಟಲ್ ವಾದ್ಯಗಳಲ್ಲಿ ಇನ್ನೊಂದೆರಡು ಹೆಚ್ಚು ಬೇಕಾದರೆ ಚಿಂತೆಯಿಲ್ಲ. ಇದೇ ಪರೀಕ್ಷೆಯನ್ನು ಎಡತುದಿ ಮತ್ತು ಬಲತುದಿಯ ಕೀಗಳಲ್ಲಿಯೂ ಮಾಡಿದೆ. ಗ್ರೇಡೆಡ್ ಎಂದು ಹೇಳಿಕೊಳ್ಳುವ ವಾದ್ಯದಲ್ಲಿ ಮಂದ್ರದ ಕೀಗಳು ಭಾರವಾಗಿಯೂ ತಾರದ ಕೀಗಳು ಹಗುರವಾಗಿಯೂ ಇರಬೇಕು, ನಾಣ್ಯಗಳ ಲೆಕ್ಕದಲ್ಲಿ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ತೂಕವೊಂದೇ ಸ್ಪರ್ಶವಲ್ಲ. ಕೀಗಳು ವಾದ್ಯದ ಒಳಗೆ, ಹಿಂಬದಿಯಲ್ಲಿ ಯಾವ ಬಿಂದುವಿನ ಮೇಲೆ ತಿರುಗುತ್ತವೆ ಎಂಬುದೂ ಮುಖ್ಯ. ಚಿಕ್ಕ ವಾದ್ಯಗಳಲ್ಲಿ ಕೀಯ ಒಳಗಿನ ಉದ್ದ ಕಡಿಮೆ ಇರುವುದರಿಂದ, ಕಪ್ಪು ಕೀಗಳ ನಡುವೆ ಬೆರಳನ್ನು ಒಳಕ್ಕೆ ಸರಿಸಿ ಬಿಳಿ ಕೀಯನ್ನು ಒತ್ತಲು ಹೋದರೆ ಕೀ ಕಲ್ಲಿನಂತಾಗುತ್ತದೆ. ಬಿ ಮೇಜರ್ ಸ್ವರಮೇಳವನ್ನು ಹಿಡಿದರೆ ಇದು ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಅಲ್ಲಿ ಎರಡು ಬೆರಳು ಕಪ್ಪು ಕೀಗಳ ಮೇಲಿದ್ದು ಹೆಬ್ಬೆರಳು ಒಳಗೆ ಸರಿಯಲೇಬೇಕು. ಇನ್ನೊಂದು ಪರೀಕ್ಷೆ, ಒಂದೇ ಸ್ವರವನ್ನು ಬೆರಳು ಬದಲಿಸುತ್ತ ವೇಗವಾಗಿ ಮತ್ತೆ ಮತ್ತೆ ನುಡಿಸುವುದು. ಪ್ರತಿ ಕೀಯ ಕೆಳಗೆ ಎರಡು ಸೆನ್ಸರ್ ಇದ್ದರೆ, ಅವೆರಡನ್ನು ದಾಟಲು ಕೀ ತೆಗೆದುಕೊಳ್ಳುವ ಸಮಯದಿಂದ ವಾದ್ಯವು ಒತ್ತಿನ ಬಲವನ್ನು ಅಳೆಯುತ್ತದೆ. ಮತ್ತೆ ನುಡಿಸಬೇಕಾದರೆ ಕೀ ಹೆಚ್ಚುಕಡಿಮೆ ಪೂರ್ತಿ ಮೇಲಕ್ಕೆ ಬರಬೇಕು. ಮೂರು ಸೆನ್ಸರ್ ಇರುವಲ್ಲಿ ಕೀ ಅರ್ಧ ಮೇಲೆ ಬಂದರೂ ಸ್ವರ ಮರುನುಡಿಯುತ್ತದೆ. ನಾಲ್ಕನೆಯ ಗ್ರೇಡಿನ ನಂತರದ ಮಕ್ಕಳಿಗೆ ಈ ವ್ಯತ್ಯಾಸ ನಿಜಕ್ಕೂ ಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯೊಂದರಲ್ಲಿ ಹುಡುಗರೊಬ್ಬರು, “ಮೇಡಂ, ಇದರಲ್ಲಿ ಬರೀ ಹತ್ತು ಹದಿನೈದು ಟೋನ್ ಇರೋದು, ಇದರ ಅರ್ಧ ದುಡ್ಡಿಗೆ ನೂರಾರು ಟೋನ್, ರಿದಮ್ ಎಲ್ಲಾ ಇರೋ ಮಾಡೆಲ್ ಕೊಡ್ತೀನಿ” ಎಂದು ವಿಶ್ವಾಸದಿಂದಲೇ ಹೇಳಿದರು. ಟೋನ್ ಎಂದರೆ ಬೇರೆ ಬೇರೆ ವಾದ್ಯಗಳ ನಾದ, ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೆ ಆ ಸಲಹೆ ಸರಿಯೇ. ಪಿಯಾನೋ ಕಲಿಯುವ ಮಗುವಿಗೆ ಒಂದೇ ಒಂದು ಒಳ್ಳೆಯ ಪಿಯಾನೋ ಟೋನ್ ಸಾಕು. ಪಾಲಿಫೊನಿ, ಎಂದರೆ ವಾದ್ಯವು ಒಂದೇ ಹೊತ್ತಿಗೆ ಎಷ್ಟು ಸ್ವರಗಳನ್ನು ನುಡಿಸಬಲ್ಲದು ಎಂಬ ಅಂಕಿಯ ಬಗ್ಗೆಯೂ ತಂದೆತಾಯಂದಿರು ತುಂಬ ಕೇಳುತ್ತಾರೆ. ಆರಂಭದ ಗ್ರೇಡುಗಳಿಗೆ 64 ಸಾಕು, ಸ್ವರಗಳನ್ನು ಎಳೆದು ನಿಲ್ಲಿಸುವ ಕಾಲಿನ ಪೆಡಲ್ ಒತ್ತಿಹಿಡಿದು ದೊಡ್ಡ ಕೃತಿಗಳನ್ನು ನುಡಿಸುವ ಹಂತದಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು.

ಕೊನೆಗೆ ನನ್ನ ಮುಂದೆ ಉಳಿದದ್ದು ಯಮಹಾ ಪಿ-45, ಕ್ಯಾಸಿಯೋ ಸಿಡಿಪಿ-ಎಸ್110 ಮತ್ತು ರೋಲ್ಯಾಂಡ್ ಎಫ್‌ಪಿ-10. ಯಮಹಾದ ನಾದ ತಿಳಿಯಾಗಿತ್ತು, ಕೀಗಳು ಹಗುರವೆನಿಸಿದವು. ಪಿ-45ರ ಜಾಗಕ್ಕೆ 2023ರಲ್ಲಿ ಪಿ-145 ಬಂದಿದೆ. ಕ್ಯಾಸಿಯೋ ಹತ್ತೂವರೆ ಕಿಲೋ ತೂಗುವ ತೆಳುವಾದ ವಾದ್ಯ, ಆರು ಎಎ ಬ್ಯಾಟರಿಗಳಲ್ಲಿಯೂ ನಡೆಯುತ್ತದೆ. ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಹಳ್ಳಿಗಳಿಂದ ಬರುವ ಮಕ್ಕಳಿಗೆ, ಬಾಡಿಗೆ ಮನೆ ಬದಲಿಸುತ್ತಿರುವ ಕುಟುಂಬಗಳಿಗೆ ನಾನು ಇದನ್ನೇ ಹೇಳುತ್ತೇನೆ. ರೋಲ್ಯಾಂಡಿನಲ್ಲಿ ಮೂರು ಸೆನ್ಸರ್ ಇವೆ, ಕೀಯನ್ನು ಬಹಳ ನಿಧಾನವಾಗಿ ಒತ್ತಿದರೆ ತಳ ಮುಟ್ಟುವ ಮೊದಲು ಗ್ರ್ಯಾಂಡ್ ಪಿಯಾನೋದಲ್ಲಿರುವಂಥದೇ ಒಂದು ಸಣ್ಣ ತಡೆ ಬೆರಳಿಗೆ ತಿಳಿಯುತ್ತದೆ. ಐದು ಸ್ವರಗಳನ್ನು ಪಿಸುಮಾತಿನಿಂದ ಜೋರಿನವರೆಗೆ ಏರಿಸಿದಾಗ ಒಂದೊಂದು ಮೆಟ್ಟಿಲೂ ಬೇರೆಯಾಗಿ ಕೇಳಿದ್ದು ಇದರಲ್ಲಿಯೇ. ಪಾಠಕ್ಕೆಂದು ಎಫ್‌ಪಿ-10 ಅನ್ನೇ ತಂದೆ.

ಅದನ್ನು ಇಡುವ ಜಾಗಕ್ಕೂ ವಾದ್ಯದಷ್ಟೇ ಯೋಚನೆ ಬೇಕಾಯಿತು. ಕತ್ತರಿಯಾಕಾರದ ಅಗ್ಗದ ಸ್ಟ್ಯಾಂಡು ಮಕ್ಕಳು ಜೋರಾಗಿ ನುಡಿಸಿದರೆ ಅಲುಗಾಡುತ್ತದೆ, ಮೊಣಕಾಲಿಗೂ ಅಡ್ಡ ಬರುತ್ತದೆ. ಊಟದ ಮೇಜಿನ ಮೇಲಿಟ್ಟರೆ ಕೀಗಳು ತೀರ ಎತ್ತರಕ್ಕೆ ಹೋಗಿ ಭುಜ ಎತ್ತಿಕೊಂಡು ನುಡಿಸುವ ಅಭ್ಯಾಸವಾಗುತ್ತದೆ. ಕೀಗಳ ಮೇಲ್ಮೈ ನೆಲದಿಂದ ಸುಮಾರು 72 ಸೆಂಟಿಮೀಟರ್ ಇರುವಂತೆ ನಮ್ಮ ಬಡಾವಣೆಯ ಬಡಗಿಯವರಿಂದ ನಾಲ್ಕೂವರೆ ಅಡಿ ಉದ್ದದ ಚೌಕಟ್ಟೊಂದನ್ನು ಮಾಡಿಸಿದೆ. ಎಫ್‌ಪಿ-10ರ ಸ್ಪೀಕರುಗಳು ಕೆಳಮುಖವಾಗಿವೆ. ಆದ್ದರಿಂದ ಮೇಲೆ ಹಲಗೆ ಹೊಡೆಸದೆ ಮುಂದೊಂದು ಹಿಂದೊಂದು ಪಟ್ಟಿ ಮಾತ್ರ ಕೊಡಿಸಿದೆ, ನಾದ ಕೆಳಕ್ಕೆ ಹರಿದು ನೆಲದಿಂದ ತಿರುಗಿ ಬರುತ್ತದೆ. ಚೌಕಟ್ಟಿನ ಕಾಲುಗಳ ಕೆಳಗೆ ದಪ್ಪ ರಬ್ಬರ್ ಇಟ್ಟೆವು. ಹೆಡ್‌ಫೋನ್ ಹಾಕಿಕೊಂಡರೆ ನಾದ ಯಾರಿಗೂ ಕೇಳದು, ಆದರೆ ತೂಕದ ಕೀಗಳು ತಳಕ್ಕೆ ಬಡಿಯುವ ದಡದಡ ಸದ್ದು ಕಾಲುಗಳ ಮೂಲಕ ಕೆಳಮನೆಯವರ ತಾರಸಿಗೆ ಇಳಿಯುತ್ತದೆ. ರಬ್ಬರ್ ಹಾಕಿದ ಮೇಲೆ ಅದು ಬಹಳ ಕಡಿಮೆಯಾಯಿತೆಂದು ಅವರೇ ಹೇಳಿದರು. ಜೊತೆಗೆ ಬರುವ ಪೆಡಲ್ ಹಗುರ, ಟೈಲ್ಸಿನ ಮೇಲೆ ಮುಂದೆ ಮುಂದೆ ಜಾರುತ್ತದೆ. ಸ್ವಲ್ಪ ಹಣ ಹೆಚ್ಚು ಕೊಟ್ಟು ಭಾರವಾದ, ಪಿಯಾನೋ ಪೆಡಲಿನ ಆಕಾರದ ಪೆಡಲನ್ನೇ ಕೊಂಡೆ.

ಬೇಸಿಗೆಯ ದೂಳಿಗೆ ಹತ್ತಿಯ ಬಟ್ಟೆಯೊಂದನ್ನು ಹೊದಿಸುವುದು, ಒದ್ದೆ ಬಟ್ಟೆಯಿಂದ ಕೀಗಳನ್ನು ಒರೆಸದಿರುವುದು, ಗುಡುಗು ಮಳೆಯ ಹೊತ್ತಿನಲ್ಲಿ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡುವುದು, ಇಷ್ಟೇ ಆರೈಕೆ. ಹಳೆಯದನ್ನು ಕೊಳ್ಳುತ್ತೇವೆ ಎನ್ನುವವರ ಜೊತೆ ನಾನೇ ಹೋಗಿ ನೋಡಿಕೊಡುತ್ತೇನೆ. 88 ಕೀಗಳನ್ನೂ ಒಂದೇ ಬಲದಲ್ಲಿ ಒಂದೊಂದಾಗಿ ಒತ್ತಿ, ಯಾವುದಾದರೂ ಕೀ ಅಕಾರಣವಾಗಿ ಜೋರಾಗಿ ನುಡಿದರೆ ಅದರ ಸೆನ್ಸರಿನ ರಬ್ಬರ್ ಸವೆದಿದೆ ಅಥವಾ ಅಲ್ಲಿ ದೂಳು ಕೂತಿದೆ ಎಂದು ತಿಳಿದು, ಅದನ್ನು ಸರಿಪಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳುತ್ತೇನೆ.