ದಹಿಸರ್ ನದಿಯ ಜಾಡು ಹಿಡಿದು ಬೊರಿವಲಿ ಕಾಡಿಗೆ

ಮುಂಬೈನ ಬೊರಿವಲಿಯ ನ್ಯಾಷನಲ್ ಪಾರ್ಕಿಗೆ ಮಕ್ಕಳನ್ನು ಕಟ್ಟಿಕೊಂಡು ಬಂದವರು ಗೇಟು ದಾಟಿದ ಕೂಡಲೇ ಸಫಾರಿ ಟಿಕೆಟಿನ ಸಾಲಿಗೆ ಓಡುತ್ತಾರೆ. ನಾವು ಅದನ್ನು ಬಿಟ್ಟೇ ಬಿಟ್ಟೆವು. ಬೇಲಿಯೊಳಗಿನ ಹುಲಿ, ಸಿಂಹಗಳನ್ನು ಬಸ್ಸಿನ ಕಿಟಕಿಯಿಂದ ನೋಡುವುದರಲ್ಲಿ ತಪ್ಪೇನಿಲ್ಲ. ಆದರೆ ಬೆಳಗಿನ ತಂಪು ಹೊತ್ತೆಲ್ಲ ಸಾಲಿನಲ್ಲೇ ಮುಗಿದುಹೋಗುತ್ತದೆ. ಬಸ್ಸು ಹತ್ತುವ ಹೊತ್ತಿಗೆ ಐದು ವರ್ಷದ ಮಗ ಹಠ ಶುರು ಮಾಡಿರುತ್ತಾನೆ. ಅತ್ತೆಯ ಮಂಡಿಯೂ ಅಷ್ಟೇ. ಹುಲಿ ನಿದ್ದೆ ಮಾಡುತ್ತಿದ್ದರಂತೂ ಮುಗಿದೇ ಹೋಯಿತು, ದಿನವಿಡೀ ಅದೇ ದೂರು.

ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗುವಾಗ ಅವರಿಗೊಂದು ಕೆಲಸ ಕೊಡಬೇಕು ಅನ್ನುವುದು ನನ್ನ ಲೆಕ್ಕ. ‘ಪ್ರಾಣಿ ನೋಡೋಣ’ ಅನ್ನುವುದು ಕೆಲಸ ಅಲ್ಲ, ಪ್ರಾಣಿಗಳು ನಮ್ಮ ಮಾತು ಕೇಳುವುದಿಲ್ಲ. ನಾವು ಹುಡುಕಲು ಆರಿಸಿಕೊಂಡದ್ದು ನೀರು.

ಅದಕ್ಕೆ ಕಾರಣ ಇದೆ. ನಾವಿರುವುದು ದಹಿಸರ್‌ನಲ್ಲಿ. ಮನೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಸೇತುವೆ, ಅದರ ಕೆಳಗೆ ಕಪ್ಪು ನೀರು. ಮಕ್ಕಳು ಅದನ್ನು ನಾಲಾ ಅನ್ನುತ್ತಾರೆ, ಮೂಗು ಮುಚ್ಚಿಕೊಂಡೇ ದಾಟುತ್ತಾರೆ. ನಿಜಕ್ಕೂ ಅದು ದಹಿಸರ್ ನದಿ. ಪಾರ್ಕಿನೊಳಗೆ, ತುಳಸಿ ಕೆರೆಯ ಕೋಡಿಯಲ್ಲಿ ಹುಟ್ಟುತ್ತದೆ. ಕಾಡಿನೊಳಗೆ ಇಳಿದು, ಬೊರಿವಲಿ, ದಹಿಸರ್ ದಾಟಿ ಮನೋರಿ ಖಾಡಿಯಲ್ಲಿ, ಅಂದರೆ ಅಳಿವೆಯಲ್ಲಿ, ಸಮುದ್ರ ಸೇರುತ್ತದೆ. ಇಡೀ ನದಿಯ ಉದ್ದ ಸುಮಾರು 12 ಕಿಲೋಮೀಟರ್, ಅಷ್ಟೇ. ನಮ್ಮ ಕುಂದಾಪುರದ ಕಡೆಯವರಿಗೆ ಇದನ್ನು ಹೊಳೆ ಅನ್ನಲೂ ನಾಚಿಕೆಯಾದೀತು! ಆದರೆ ಹುಟ್ಟಿನಿಂದ ಸಮುದ್ರದವರೆಗೆ ಒಂದೇ ಊರಿನೊಳಗೆ ಮುಗಿಯುವ ನದಿಯನ್ನು ಮಕ್ಕಳಿಗೆ ತೋರಿಸುವುದು ಬಹಳ ಸುಲಭ ಅಲ್ವಾ?

ಹೋದದ್ದು ಅಕ್ಟೋಬರಿನಲ್ಲಿ, ವಾರದ ನಡುವಿನ ಒಂದು ರಜೆಯ ದಿನ. ಮಳೆ ಬಿಟ್ಟಿತ್ತು, ಝರಿಗಳು ಇನ್ನೂ ಬತ್ತಿರಲಿಲ್ಲ. ಭಾನುವಾರ ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಅವತ್ತು ಕಾಡಿಗಿಂತ ಜನ ಜಾಸ್ತಿ. ಪಾರ್ಕು ಬೆಳಿಗ್ಗೆ ಏಳೂವರೆಗೆ ತೆರೆಯುತ್ತದೆ. ಬೊರಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಗೇಟು ನಡೆದು ಹೋಗುವಷ್ಟು ಹತ್ತಿರ, ಹೈವೇಗೆ ಅಂಟಿಕೊಂಡೇ ಇದೆ. ಅತ್ತೆ ಇದ್ದರು ಅಂತ ರಿಕ್ಷಾ ಮಾಡಿದೆವು.

ಬುತ್ತಿಯ ಬಗ್ಗೆ ಒಂದು ಮಾತು. ಕೈಯಲ್ಲಿ ತಿಂಡಿ ಕಂಡರೆ ಇಲ್ಲಿನ ಮಂಗಗಳು ಬಿಡುವುದಿಲ್ಲ. ಚಿಪ್ಸ್ ಪ್ಯಾಕೆಟ್ಟಿನ ಪರಪರ ಸದ್ದು ಅವಕ್ಕೆ ಚೆನ್ನಾಗಿ ಗೊತ್ತು. ಹಾಗಾಗಿ ಎಲ್ಲವನ್ನೂ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಡಬ್ಬಿಯನ್ನು ಜಿಪ್ ಇರುವ ಬೆನ್ನಚೀಲದಲ್ಲಿ ಹಾಕಿದೆ. ಚಟ್ನಿಪುಡಿ, ತೆಂಗಿನೆಣ್ಣೆ ಸವರಿದ ಇಡ್ಲಿ, ಬಾಳೆಹಣ್ಣಿನ ಬದಲು ಖರ್ಜೂರ. ಬಾಳೆಹಣ್ಣು ತಂದರೆ ಮಂಗನಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳೋಣ ಅಂತ ಅತ್ತೆ ಹೊರಡುತ್ತಾರೆ, ಆಮೇಲೆ ಅವರನ್ನು ತಡೆಯುವುದು ಕಷ್ಟ. ಕಾಡಿನ ಪ್ರಾಣಿಗೆ ನಮ್ಮ ತಿಂಡಿ ಕೊಡಬಾರದು ಅಂತ ಅವರಿಗೆ ಹೇಳಿ ಹೇಳಿ ಸಾಕಾಗಿದೆ. ನೀರಿಗೆ ಸ್ಟೀಲ್ ಬಾಟಲಿ. ಗೇಟಿನಲ್ಲಿ ಪ್ಲಾಸ್ಟಿಕ್ಕಿಗೆ ಚೀಲ ನೋಡುತ್ತಾರೆ, ಅದೂ ಒಳ್ಳೆಯದೇ.

ಗೇಟು ದಾಟಿ ಸ್ವಲ್ಪ ಒಳಗೆ ಹೋದರೆ ಸೇತುವೆಯ ಮೇಲಿಂದ ನದಿ ಕಾಣುತ್ತದೆ. ಕಲ್ಲುಗಳ ನಡುವೆ ಹರಿಯುವ ನೀರು, ಅಡಿಯ ಮರಳೂ ಕಾಣುವಷ್ಟು ತಿಳಿ. ‘ಇದು ನಮ್ಮ ನಾಲಾ’ ಅಂದೆ. ಮಗಳು ನಂಬಲಿಲ್ಲ. ಒಂಬತ್ತು ವರ್ಷದವಳು, ಸಾಕ್ಷಿ ಕೇಳುವ ವಯಸ್ಸು. ಫೋನಿನಲ್ಲಿ ನಕ್ಷೆ ತೆಗೆದು, ನೀಲಿ ಗೆರೆಯನ್ನು ಬೆರಳಲ್ಲಿ ಹಿಡಿದುಕೊಂಡು ನಮ್ಮ ಬಿಲ್ಡಿಂಗಿನ ತನಕ ಹೋದಳು. ಆಮೇಲೆ ಕೇಳಿದಳು, ‘ಹಾಗಾದ್ರೆ ಕಪ್ಪು ಮಾಡಿದ್ದು ಯಾರು?’ ಗಂಡ ಚರಂಡಿ, ತಬೇಲಾದ ಸಗಣಿ, ಕಾರ್ಖಾನೆಯ ಕೊಳೆ ಅಂತೆಲ್ಲ ವಿವರಿಸಿದರು. ಕಾಡಿನ ಗಡಿಯಿಂದ ನಮ್ಮ ಸೇತುವೆಯವರೆಗಿನ ಕೆಲವೇ ಕಿಲೋಮೀಟರಿನಲ್ಲಿ ಇಷ್ಟೆಲ್ಲ ಆಗುತ್ತದೆ. 2005ರ ಜುಲೈ 26ರ ಮಳೆಯಲ್ಲಿ ಇದೇ ನದಿ ಉಕ್ಕಿ ದಹಿಸರ್‌ನ ಮನೆಗಳಿಗೆ ನುಗ್ಗಿತ್ತು. ಆ ಒಂದು ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಅಳೆದಿದ್ದರು. ಅತ್ತೆ ಆ ದಿನದ ಕಥೆ ಶುರು ಮಾಡಿದರೆ ಮುಗಿಸುವುದೇ ಇಲ್ಲ. ಮೇಲೆ ಹೋಗುವ ಬಸ್ಸು ಬಂದದ್ದರಿಂದ ಬಚಾವಾದೆವು.

ನದಿ ಹುಟ್ಟುವ ತುಳಸಿ ಕೆರೆಯ ತನಕ ಹೋಗಲು ಆಗುವುದಿಲ್ಲ. ಅದು ಮುಂಬೈಗೆ ಕುಡಿಯುವ ನೀರು ಕೊಡುವ ಕೆರೆ, ಸುಮ್ನೆ ಬಂದವರನ್ನೆಲ್ಲ ಬಿಡುವುದಿಲ್ಲ. ಪಾರ್ಕಿನೊಳಗೆ ಇಂಥ ಎರಡು ಕೆರೆಗಳಿವೆ. ವಿಹಾರ್ 1860ರದ್ದು, ತುಳಸಿ 1879ರದ್ದು. ಈ ಊರಿಗೆ ಇವತ್ತು ಬರುವ ನೀರಿನಲ್ಲಿ ಹೆಚ್ಚಿನದು ದೂರದ ದೊಡ್ಡ ಅಣೆಕಟ್ಟುಗಳದ್ದೇ. ಆದರೂ ಊರೊಳಗೇ ಇರುವ ಕುಡಿಯುವ ನೀರಿನ ಕೆರೆಗಳು ಇವೆರಡೇ. ಸುತ್ತ ಕಾಡು ಉಳಿದದ್ದಕ್ಕೆ ಈ ಕೆರೆಗಳೂ ಒಂದು ಕಾರಣ. ಪಾರ್ಕು ನೂರಕ್ಕೂ ಜಾಸ್ತಿ ಚದರ ಕಿಲೋಮೀಟರ್ ಇದೆ. ಸುತ್ತ ಒಂದೂವರೆ ಕೋಟಿಗೂ ಹೆಚ್ಚು ಜನ, ಮಧ್ಯೆ ಚಿರತೆ.

ಹೌದು, ಚಿರತೆ. ಮಗನ ಪ್ರಶ್ನೆ ಬರೀ ಅದರದ್ದೇ. ಕ್ಯಾಮೆರಾ ಇಟ್ಟು ಎಣಿಸಿದಾಗ ನಲವತ್ತಕ್ಕೂ ಮೇಲೆ ಸಿಕ್ಕಿವೆ, ಎಲ್ಲವೂ ಬೇಲಿಯಿಲ್ಲದೆ ತಿರುಗಾಡುವವು. ಅವು ಹಗಲು ಮಲಗಿ ರಾತ್ರಿ ಓಡಾಡುತ್ತವೆ, ಅದಕ್ಕೇ ಸಂಜೆಯೊಳಗೆ ನಾವು ಹೊರಗೆ ಬರಬೇಕು ಅಂತ ಅವನಿಗೆ ಹೇಳಿದ್ದೆ. ಈ ಒಂದು ಮಾತು ಇಡೀ ದಿನ ಕೆಲಸಕ್ಕೆ ಬಂತು. ದಾರಿ ಬಿಟ್ಟು ಪೊದೆಗೆ ಇಳಿಯಲಿಲ್ಲ, ಓಡಲಿಲ್ಲ.

ಬಸ್ಸು ನಮ್ಮನ್ನು ಬಿಟ್ಟದ್ದು ಕಾನ್ಹೇರಿ ಗುಹೆಗಳ ಬುಡದಲ್ಲಿ. ಗೇಟಿನಿಂದ ಅಲ್ಲಿಗೆ ಐದಾರು ಕಿಲೋಮೀಟರ್, ಏರು ದಾರಿ. ನಡೆಯುವವರು, ಬಾಡಿಗೆ ಸೈಕಲ್ ಹೊಡೆಯುವವರೂ ಇದ್ದಾರೆ. ನನ್ನ ಸಲಹೆ: ಮಕ್ಕಳು, ಮುದುಕರು ಇದ್ದರೆ ಮೇಲಕ್ಕೆ ಬಸ್ಸಿನಲ್ಲಿ ಹೋಗಿ, ಇಳಿಯುವಾಗ ಸ್ವಲ್ಪ ದೂರ ನಡೆಯಿರಿ. ಗುಹೆಗಳಿಗೆ ಪುರಾತತ್ವ ಇಲಾಖೆಯ ಟಿಕೆಟ್ ಬೇರೆ.

ಒಂದೇ ಗುಡ್ಡದಲ್ಲಿ 109 ಗುಹೆಗಳು. ಬೌದ್ಧ ಭಿಕ್ಷುಗಳು ಸಾವಿರ ವರ್ಷ ಇಲ್ಲಿ ಇದ್ದರು. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಡಬೇಡಿ. ಮೂರನೇ ಗುಹೆಯ ಚೈತ್ಯ (ಭಿಕ್ಷುಗಳ ಪ್ರಾರ್ಥನಾ ಮಂದಿರ), ಅದರ ಜಗಲಿಯಲ್ಲಿ ಎರಡೂ ಕಡೆ ನಿಂತಿರುವ 20 ಅಡಿಗೂ ಎತ್ತರದ ಬುದ್ಧರು, ಆಮೇಲೆ ಹನ್ನೊಂದನೇ ಗುಹೆ. ಇಷ್ಟಕ್ಕೆ ಅತ್ತೆಯೂ ಬರಬಹುದು, ಮೆಟ್ಟಿಲು ಕಡಿಮೆ.

ಆದರೆ ನಾವು ಬಂದದ್ದು ನೀರಿಗಾಗಿ ತಾನೇ? ಕಾನ್ಹೇರಿಯ ನಿಜವಾದ ಸೊಗಸು ಅಲ್ಲೇ ಇರುವುದು. ಹೆಚ್ಚಿನ ಗುಹೆಗಳ ಬಾಗಿಲ ಪಕ್ಕ ಬಂಡೆಯಲ್ಲೇ ಕಡಿದ ಒಂದು ತೊಟ್ಟಿ ಇದೆ, ಬಾಯಿ ಚಿಕ್ಕದು, ಒಳಗೆ ಆಳ. ತಲೆಯೆತ್ತಿ ನೋಡಿದರೆ ಗುಡ್ಡದ ಮೈಯಲ್ಲಿ ಕೊರೆದ ಸಣ್ಣ ಕಾಲುವೆಗಳು. ಬಂಡೆಯ ಮೇಲೆ ಬಿದ್ದ ಮಳೆ ಗೆರೆ ಹಿಡಿದು ಇಳಿದು ತೊಟ್ಟಿಗೆ ಬರಬೇಕು. ಬಸಾಲ್ಟ್ ಬಂಡೆಯಲ್ಲಿ ಬಾವಿ ತೋಡಿ ನೀರು ಹುಡುಕುವುದಕ್ಕಿಂತ, ನಾಲ್ಕು ತಿಂಗಳ ಮಳೆಯನ್ನು ಹಿಡಿದಿಟ್ಟು ಎಂಟು ತಿಂಗಳು ಬಳಸುವ ಲೆಕ್ಕ. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಮಳೆನೀರು ಕೊಯ್ಲಿನ ವಿಷಯ ಬಂದಾಗಲೆಲ್ಲ ಜಗಳವಾಗಿ ಮುಂದೂಡುತ್ತಾರೆ. ಅವರನ್ನೆಲ್ಲ ಒಮ್ಮೆ ಇಲ್ಲಿಗೆ ಕರೆತರಬೇಕು ಅನ್ನಿಸಿತು. ಮಗಳಿಗೆ ಕೊಟ್ಟ ಕೆಲಸ: ಕಾಲುವೆಯನ್ನು ಮೇಲಿನಿಂದ ಹಿಡಿದು ತೊಟ್ಟಿಯ ತನಕ ಬರುವುದು. ಮಗನಿಗೆ: ತೊಟ್ಟಿ ಎಣಿಸುವುದು. ಇಪ್ಪತ್ತರ ನಂತರದ ಸಂಖ್ಯೆ ಅವನಿಗೆ ಗಲಿಬಿಲಿ, ಹಾಗಾಗಿ ಇಪ್ಪತ್ತು ಹಲವು ಸಲ ಬಂತು. ಇಬ್ಬರಿಗೂ ಒಂದೇ ನಿಯಮ, ತೊಟ್ಟಿಯ ಬಾಯಿಗೆ ಬಗ್ಗುವಾಗ ದೊಡ್ಡವರ ಕೈ ಹಿಡಿದಿರಬೇಕು. ಪಾಚಿ ಕಟ್ಟಿದ ಕಲ್ಲು ಅಕ್ಟೋಬರಿನಲ್ಲೂ ಜಾರುತ್ತದೆ.

ಹನ್ನೊಂದನೇ ಗುಹೆಗೆ ದರ್ಬಾರ್ ಗುಹೆ ಅನ್ನುತ್ತಾರೆ. ಒಳಗೆ ಉದ್ದಕ್ಕೂ ಎರಡು ತಗ್ಗು ಕಲ್ಲಿನ ಸಾಲು, ಉಡುಪಿ ಮಠದಲ್ಲಿ ಊಟದ ಪಂಕ್ತಿ ಕೂರಿಸಿದ ಹಾಗೆ. ಅತ್ತೆ ನೋಡಿದ ಕೂಡಲೇ ‘ಬಡಿಸುವವರು ನಡುವೆ ಓಡಾಡಬಹುದು’ ಅಂದರು. ಅದೇ ಗುಹೆಯ ಜಗಲಿಯಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಶಾಸನ ಇದೆ. ಶಕ 775, ಅಂದರೆ 853ರ ಸುಮಾರಿನದು. ಭಾಷೆ ಸಂಸ್ಕೃತ. ಆಗ ಕೊಂಕಣ ಆಳುತ್ತಿದ್ದ ಶಿಲಾಹಾರ ವಂಶದ ಅರಸ ಕಪರ್ದಿ ತನ್ನ ಒಡೆಯ ಅಂತ ಹೇಳುವುದು ಯಾರನ್ನು ಗೊತ್ತೇ? ಅಮೋಘವರ್ಷನನ್ನು. ನಮ್ಮ ನೃಪತುಂಗ! ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತು ಆಳಿದವನ ಹೆಸರು ಬೊರಿವಲಿಯ ಗುಡ್ಡದಲ್ಲಿ. ಗೌಡ ದೇಶದಿಂದ, ಅಂದರೆ ಈಗಿನ ಬಂಗಾಳದ ಕಡೆಯಿಂದ ಬಂದ ಭಕ್ತನೊಬ್ಬ ಭಿಕ್ಷುಗಳಿಗಾಗಿ ನೂರು ದ್ರಮ್ಮ ನಾಣ್ಯ ಇಟ್ಟ ವಿಷಯ ಅದರಲ್ಲಿದೆ. ಹೊರಗಿನಿಂದ ಮುಂಬೈಗೆ ಬಂದು ನೆಲೆ ನಿಂತವರು ನಾವೇ ಮೊದಲಲ್ಲ ಅಂತ ಗಂಡ ನಕ್ಕರು. ಮಕ್ಕಳಿಗೆ ಶಾಸನ ಬೇಡವಾಗಿತ್ತು, ಇಡ್ಲಿ ಬೇಕಿತ್ತು.

ಇಡ್ಲಿಯನ್ನು ಗುಹೆಗಳ ಹತ್ತಿರ ಬಿಚ್ಚಲೇ ಇಲ್ಲ. ಅಲ್ಲಿ ಮಂಗಗಳ ರಾಜ್ಯ. ಕೆಳಗಿನ ದಾರಿಯಲ್ಲಿ ವಾರ್ಲಿ ಬುಡಕಟ್ಟಿನ ಹೆಂಗಸರು ಸೌತೆಕಾಯಿ ಸೀಳಿ ಉಪ್ಪು ಖಾರ ಹಚ್ಚಿ ಮಾರುತ್ತಾರೆ, ಬೇಯಿಸಿದ ಶೇಂಗಾ ಇರುತ್ತದೆ. ಅವರ ಪಾಡಾಗಳು, ಅಂದರೆ ಹಾಡಿಗಳು, ಪಾರ್ಕಿನೊಳಗೇ ಇವೆ. ಮೇ ತಿಂಗಳಲ್ಲಿ ಹೋದರೆ ಕರವಂದ, ಅಂದರೆ ನಮ್ಮ ಕರಂಡೆ ಹಣ್ಣು, ಎಲೆಯಲ್ಲಿ ಕೊಡುತ್ತಾರೆ. ಅವರಿಂದ ಕೊಂಡು, ಅವರ ಪಕ್ಕದಲ್ಲೇ ಕೂತು ತಿಂದೆವು. ಮಂಗ ಬಂದರೆ ಅವರ ಕೋಲೇ ಗತಿ.

ಇಳಿಯುವಾಗ ನಡೆದ ತುಂಡು ದಾರಿಯೇ ಮಕ್ಕಳಿಗೆ ಅತಿ ಇಷ್ಟವಾದದ್ದು. ಸಾಗುವಾನಿ ಮರಗಳ ಎಲೆಗಳೆಲ್ಲ ಜಾಳುಜಾಳು. ಒಂದು ಜಾತಿಯ ಪತಂಗದ ಹುಳು ಹಸಿರನ್ನಷ್ಟೇ ತಿಂದು ನರಗಳನ್ನು ಬಿಟ್ಟುಹೋಗುತ್ತದೆ. ಗಾಳಿಗೆ ಮುರಿದು ಬಿದ್ದಿದ್ದ ಒಂದು ಚಿಗುರನ್ನು ಅತ್ತೆ ಮಗನ ಅಂಗೈಯಲ್ಲಿ ಉಜ್ಜಿದರು, ಕೈ ಕೆಂಪಾಯಿತು. ಅವನಿಗೆ ಹುಲಿ ಮರೆತುಹೋಯಿತು. ಮರಗಳ ನಡುವೆ ದೊಡ್ಡ ಬಲೆ, ಮಧ್ಯೆ ಅಂಗೈಯಷ್ಟು ಕಾಲು ಚಾಚಿದ ಜೇಡ. ಮಳೆ ಮುಗಿಯುವ ಹೊತ್ತಿಗೆ ಇವು ಎಲ್ಲೆಲ್ಲೂ ಇರುತ್ತವೆ. ಆ ದೊಡ್ಡದು ಹೆಣ್ಣು. ಅದೇ ಬಲೆಯ ಮೂಲೆಯಲ್ಲಿ ಕೆಂಪಗೆ, ಕಡಲೆಬೇಳೆಯಷ್ಟೂ ಇಲ್ಲದ್ದು ಗಂಡು. ಇದನ್ನು ತೋರಿಸಿದಾಗಿನಿಂದ ಮಗಳು ಅಪ್ಪನನ್ನು ನೋಡುವ ರೀತಿಯೇ ಬದಲಾಯಿತು.

ಮಧ್ಯಾಹ್ನ ಎರಡಕ್ಕೆ ಹೊರಗೆ ಬಂದೆವು. ಅಕ್ಟೋಬರಿನ ಬಿಸಿಲಲ್ಲಿ ಆಮೇಲೆ ಇರುವುದು ಹಿಂಸೆ, ಪ್ರಾಣಿ ಪಕ್ಷಿಗಳೂ ಕಾಣುವುದಿಲ್ಲ. ಹಕ್ಕಿಗಳಿಗಾಗಿಯೇ ಹೋಗುವವರು ಡಿಸೆಂಬರ್, ಜನವರಿಯಲ್ಲಿ ಹೋಗಲಿ. ಶಿಲೋಂಡಾದಂಥ ಕಾಡು ದಾರಿಗಳಿಗೆ ಮೊದಲೇ ಅನುಮತಿ ಕೇಳಬೇಕು. ನೀರು ನೋಡಬೇಕಾದರೆ ಸೆಪ್ಟೆಂಬರಿನಿಂದ ನವೆಂಬರ್. ಕಾರ್ವಿ ಹೂವು ಕೇಳುವವರಿಗೆ: ಅದು ಎಂಟು ವರ್ಷಕ್ಕೊಮ್ಮೆ, 2016ರಲ್ಲಿ ಮತ್ತು 2024ರಲ್ಲಿ ಗುಡ್ಡವೆಲ್ಲ ನೇರಳೆಯಾಗಿತ್ತು, ಇನ್ನು 2032ಕ್ಕೆ. ಅಲ್ಲಿಯ ತನಕ ಕಾಯಬೇಕಿಲ್ಲ. ಸೋಮವಾರ ಮಾತ್ರ ಹೊರಡಬೇಡಿ, ಪಾರ್ಕಿಗೆ ರಜೆ.