ವಿಜಯಪುರಕ್ಕೆ ಬರುವ ಮೊದಲು ಪಂಚಾಂಗ ನೋಡಿ

ವಿಜಯಪುರ ನೋಡಲು ಯಾವಾಗ ಬರಬೇಕು ಎಂದು ಬೆಂಗಳೂರು, ಮೈಸೂರು ಕಡೆಯ ನೆಂಟರು ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ನನ್ನದು ಒಂದೇ ಉತ್ತರ. ಎಳ್ಳ ಅಮಾವಾಸ್ಯೆಯಿಂದ ಸಂಕ್ರಮಣದ ಜಾತ್ರೆ ಮುಗಿಯುವುದರೊಳಗೆ ಬನ್ನಿ. ಎರಡು ರಾತ್ರಿ ಇರಿ.

ಹೆಚ್ಚಿನವರು ಹಾಗೆ ಮಾಡುವುದಿಲ್ಲ. ಬೆಳಿಗ್ಗೆ ರೈಲಿಳಿದು ಗೋಲಗುಮ್ಮಟ ಹತ್ತುತ್ತಾರೆ, ಇಬ್ರಾಹಿಂ ರೋಜಾ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಮಧ್ಯಾಹ್ನದ ಊಟ ಮುಗಿಸಿ ಬಾದಾಮಿಗೆ ಹೊರಟುಬಿಡುತ್ತಾರೆ. ಅವರಿಗೆ ಸಿಗುವುದು ಕಟ್ಟಡ ಮಾತ್ರ, ಊರು ಸಿಗುವುದಿಲ್ಲ. ಈ ಊರಿನ ವರ್ಷ ನಡೆಯುವುದು ಬಿಳಿಜೋಳದ ಲೆಕ್ಕದಲ್ಲಿ. ಸುತ್ತಲಿನ ಹೊಲದಲ್ಲಿ ತೆನೆ ಬಂದಾಗ ಊರಿನ ಮುಖವೇ ಬೇರೆ ಇರುತ್ತದೆ. ನಾನು ಇಲ್ಲೇ ಹುಟ್ಟಿ ಬೆಳೆದವಳು, ಇಲ್ಲೇ ಮಕ್ಕಳಿಗೆ ಇತಿಹಾಸ ಪಾಠ ಹೇಳಿದವಳು. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಲಾಂಗ್ ವೀಕೆಂಡ್ ನೋಡಿ ಟಿಕೆಟ್ ಮಾಡಬೇಡಿ, ಪಂಚಾಂಗ ನೋಡಿ ಮಾಡಿ.

ಎಳ್ಳ ಅಮಾವಾಸ್ಯೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ ಬರುತ್ತದೆ. ಸಂಕ್ರಮಣ ಜನವರಿ 14 ಇಲ್ಲವೇ 15. ಕೆಲವು ವರ್ಷ ಎರಡೂ ಹತ್ತಿರ ಹತ್ತಿರ ಬರುತ್ತವೆ. 2024ರಲ್ಲಿ ಅಮಾವಾಸ್ಯೆ ಜನವರಿ 11ಕ್ಕೆ ಬಂದಿತ್ತು. ಅಂಥ ವರ್ಷ ಒಂದೇ ಪ್ರಯಾಣದಲ್ಲಿ ಎರಡನ್ನೂ ನೋಡಬಹುದು. ದೂರ ಬಿದ್ದ ವರ್ಷ ಒಂದನ್ನೇ ಆರಿಸಬೇಕಾಗುತ್ತದೆ. ಹೊಲದ ಊಟ ಬೇಕಾದರೆ ಅಮಾವಾಸ್ಯೆ, ಊರ ಸಡಗರ ಬೇಕಾದರೆ ಸಂಕ್ರಮಣ.

ಚರಗ ಚೆಲ್ಲುವ ದಿನ

ಎಳ್ಳ ಅಮಾವಾಸ್ಯೆಯ ದಿನ ಅರ್ಧ ಊರು ಹೊಲದಲ್ಲಿರುತ್ತದೆ. ನಮ್ಮ ತವರಿನ ಹೊಲ ಸಾರವಾಡದ ಕಡೆ, ಡೋಣಿ ನದಿ ದಂಡೆಯ ಕಪ್ಪು ಎರೆಭೂಮಿ. 'ಡೋಣಿ ಹರಿದರೆ ಓಣಿಯೆಲ್ಲ ಕಾಳು' ಎಂಬ ಗಾದೆ ಹುಟ್ಟಿದ್ದು ಈ ಮಣ್ಣಿನಿಂದಲೇ. ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಎಂದು ಪೂಜೆ ಮಾಡುತ್ತಾರೆ. ಆಮೇಲೆ ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ, 'ಹುಲ್ಲುಲ್ಲಿಗೋ' ಎಂದು ಕೂಗುತ್ತಾ ಬೆಳೆಯ ನಡುವೆ ಚೆಲ್ಲುತ್ತಾರೆ. ಅದೇ ಚರಗ. ಭೂಮಿತಾಯಿಗೆ ಉಣಿಸಿದ ಮೇಲೆ ಮನುಷ್ಯರ ಊಟ.

ಊಟ ಎಂದರೆ ಸಣ್ಣದಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಡುಬು, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಮಡಕಿಕಾಳು, ಶೇಂಗಾ ಹೋಳಿಗೆ, ಕೆನೆಮೊಸರು. ಬುತ್ತಿ ಕಟ್ಟುವ ಕೆಲಸ ಹಿಂದಿನ ದಿನವೇ ಶುರುವಾಗಿರುತ್ತದೆ.

ಇಲ್ಲಿ ನಮಗೆ ಯಾರೂ ಗೊತ್ತಿಲ್ಲವಲ್ಲ ಎಂದು ಹಿಂಜರಿಯಬೇಡಿ. ಉಳಿದುಕೊಂಡ ಲಾಡ್ಜ್‌ನಲ್ಲೋ ಆಟೋದವರ ಹತ್ತಿರವೋ ಹಿಂದಿನ ದಿನ ಕೇಳಿ ನೋಡಿ. ಯಾರದಾದರೂ ಹೊಲ ಇದ್ದೇ ಇರುತ್ತದೆ. ಅದೂ ಆಗದಿದ್ದರೆ ಹನ್ನೆರಡು ಗಂಟೆ ಸುಮಾರಿಗೆ ಬಬಲೇಶ್ವರ ರಸ್ತೆ ಹಿಡಿದು ನಿಧಾನ ಹೋಗಿ. ಹೊಲದ ಬದುವಿನಲ್ಲಿ ಸಾಲಾಗಿ ಕುಳಿತವರು ದಾರಿಯಲ್ಲಿ ಹೋಗುವವರನ್ನೂ ಕರೆಯುತ್ತಾರೆ. "ಬರ್ರಿ, ಊಟಾ ಮಾಡ್ಕೊಂಡ ಹೋಗ್ರಿ" ಎಂದರೆ ಅದು ಬಾಯುಪಚಾರ ಅಲ್ಲ, ನಿಜವಾಗಿ ಕರೆದದ್ದು. ಹೋಗಿ ಕುಳಿತುಕೊಳ್ಳಿ. ಕೈಯಲ್ಲಿ ಬಾಳೆಹಣ್ಣೋ ಕಾಯಿಯೋ ಇರಲಿ. ಪೂಜೆಯ ಕಲ್ಲಿನ ಹತ್ತಿರ ಚಪ್ಪಲಿ ಬಿಡಿ. ಫೋಟೋಕ್ಕಾಗಿ ಬೆಳೆ ತುಳಿಯುವುದು ಬೇಡವೇ ಬೇಡ. ಹಿಂಗಾರಿ ಜೋಳ ಅದು, ವರ್ಷದ ರೊಟ್ಟಿ.

ಜನವರಿಯಲ್ಲಿ ಬಂದವರಿಗೆ ಇನ್ನೊಂದು ಭಾಗ್ಯ ಇದೆ. ತೆನೆ ಹಾಲುಗಾಳಾದಾಗ ಕುಳ್ಳಿನ (ಬೆರಣಿಯ) ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ ತಿನ್ನುತ್ತೇವೆ. ಇದಕ್ಕೆ ಸೀತನಿ ಎನ್ನುತ್ತಾರೆ. ಜೊತೆಗೆ ಬೆಲ್ಲ, ಶೇಂಗಾ ಹಿಂಡಿ. ಹೋಟೆಲಿನಲ್ಲಿ ಇದು ಸಿಗುವುದಿಲ್ಲ, ಹೊಲದಲ್ಲೇ ಕುಳಿತು ತಿನ್ನಬೇಕು. ಕಾಳು ಬಲಿತ ಮೇಲೆ ಆ ರುಚಿ ಇರುವುದಿಲ್ಲ.

ಸಿದ್ಧೇಶ್ವರ ಜಾತ್ರೆ

ಸಂಕ್ರಮಣದ ಹಿಂದೆ ಮುಂದೆ ಕೆಲವು ದಿನ ಸಿದ್ಧೇಶ್ವರ ಜಾತ್ರೆ. ಗುಡಿ ಊರ ನಡುವೆಯೇ ಇದೆ. ನಂದಿಧ್ವಜಗಳ ಮೆರವಣಿಗೆ ನೋಡದೆ ಹೋಗಬೇಡಿ. ಆಳೆತ್ತರಕ್ಕಿಂತ ಎಷ್ಟೋ ಎತ್ತರದ ಧ್ವಜದ ಕಂಬವನ್ನು ಸೊಂಟಕ್ಕೆ ಆನಿಸಿಕೊಂಡು ಒಬ್ಬೊಬ್ಬರೇ ಹೊರುವುದಕ್ಕೆ ಬಲದ ಜೊತೆ ಭಕ್ತಿಯೂ ಬೇಕು. ಭೋಗಿ, ಹೋಮ, ಒಂದು ರಾತ್ರಿ ಮದ್ದು (ಪಟಾಕಿ) ಸುಡುವುದು, ಕುಸ್ತಿ, ಭಾರ ಎತ್ತುವ ಪಂದ್ಯ, ಹೀಗೆ ದಿನಕ್ಕೊಂದು ಇರುತ್ತದೆ. ಯಾವ ದಿನ ಯಾವುದು ಎಂಬುದನ್ನು ಆ ವರ್ಷದ ಜಾತ್ರೆಯ ಪತ್ರಿಕೆಯಲ್ಲಿ ನೋಡಿಕೊಳ್ಳಿ. ಗುಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಮದ್ದು ಸುಡುವ ರಾತ್ರಿ ಸಣ್ಣ ಮಕ್ಕಳನ್ನು ಕರೆದುಕೊಂಡು ತೀರಾ ಮುಂದೆ ನಿಲ್ಲಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದನಗಳ ಜಾತ್ರೆ. ಊರಿಂದ ಪಶ್ಚಿಮಕ್ಕೆ ತೊರವಿ ಹತ್ತಿರ ಸೇರುತ್ತದೆ. ಬಿಳಿ ಬಣ್ಣದ, ಎತ್ತರ ಕೋಡಿನ ಖಿಲಾರಿ ಎತ್ತುಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಹಲ್ಲು ನೋಡುತ್ತಾರೆ, ನಡಿಗೆ ನೋಡುತ್ತಾರೆ, ಸುಳಿ ನೋಡುತ್ತಾರೆ. ವ್ಯಾಪಾರ ಕುದುರುವಾಗ ಟವೆಲ್ ಕೆಳಗೆ ಕೈ ಕೈ ಹಿಡಿದು ಬೆರಳಲ್ಲೇ ಬೆಲೆ ಹೇಳುವವರನ್ನು ಈಗಲೂ ನೋಡಬಹುದು. ಗೆಜ್ಜೆಸರ, ಗೊಂಡೆ, ಹಗ್ಗ, ಮೂಗುದಾರ, ಬಾರಕೋಲು ಮಾರುವ ಅಂಗಡಿಗಳೇ ಒಂದು ಸಾಲು. ಮನೆಯ ಬಾಗಿಲಿಗೆ ಕಟ್ಟಲು ಒಂದು ಗೆಜ್ಜೆಸರ ಕೊಳ್ಳಿ. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಒಳ್ಳೆಯದು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಸಾಕುವವರು ಕಡಿಮೆಯಾಗುತ್ತಿದ್ದಾರೆ. ಅದಕ್ಕೇ ಹೇಳುತ್ತಿದ್ದೇನೆ, ಮಕ್ಕಳಿಗೆ ಈಗಲೇ ತೋರಿಸಿ.

ತೊರವಿಯ ತನಕ ಹೋದವರು ನೆಲದ ಕೆಳಗಿನ ನರಸಿಂಹನ ಗುಡಿಯನ್ನೂ, ಅಲ್ಲಿನ ಸಂಗೀತ ಮಹಲನ್ನೂ ನೋಡಿ ಬನ್ನಿ. ಎರಡನೇ ಇಬ್ರಾಹಿಂ ಆದಿಲಶಾಹಿ 1599ರಲ್ಲಿ ನವರಸಪುರ ಎಂಬ ಹೊಸ ಊರು ಕಟ್ಟಲು ಹೊರಟದ್ದು ಇಲ್ಲಿಯೇ. ಸಂಗೀತ ಪ್ರಿಯನಾದ ಈ ಸುಲ್ತಾನನನ್ನು ಜನ ಜಗದ್ಗುರು ಬಾದಷಾ ಎಂದು ಕರೆದರು. ಇಲ್ಲಿನ ಸಂಗೀತ-ನೃತ್ಯದ ನವರಸಪುರ ಉತ್ಸವಕ್ಕೆ ಹೆಸರು ಬಂದದ್ದೂ ಇದರಿಂದಲೇ. ಆ ಉತ್ಸವ ವರ್ಷಾವರ್ಷ ತಪ್ಪದೆ ನಡೆಯುವಂಥದ್ದಲ್ಲ. ಅದನ್ನೇ ನಂಬಿ ರಜೆ ಹಾಕಬೇಡಿ.

ಗೋಲಗುಮ್ಮಟಕ್ಕೆ ಯಾವ ಹೊತ್ತು

ಚಳಿಗಾಲದಲ್ಲಿ ಒಂದು ತೊಂದರೆ ಇದೆ. ರಾಜ್ಯದ ಶಾಲೆಗಳೆಲ್ಲ ಪ್ರವಾಸ ಹೊರಡುವುದು ಆಗಲೇ. ಒಂಬತ್ತು ಗಂಟೆಯ ಮೇಲೆ ಗುಮ್ಮಟದೊಳಗೆ ನೂರಾರು ಮಕ್ಕಳು ಒಟ್ಟಿಗೆ ಕಿರುಚುತ್ತಿರುತ್ತಾರೆ. ಅವರದು ತಪ್ಪಲ್ಲ, ಕೂಗಿ ನೋಡಬೇಕೆಂದು ಅನ್ನಿಸುವ ಜಾಗವೇ ಅದು. ಆದರೆ ನಿಮಗೆ ಏನೂ ಕೇಳಿಸುವುದಿಲ್ಲ. ಬೆಳಿಗ್ಗೆ ಆರಕ್ಕೆ ಗೇಟು ತೆರೆಯುವಾಗಲೇ ಅಲ್ಲಿರಿ. ಸ್ವೆಟರ್ ಹಾಕಿಕೊಳ್ಳಿ, ನಸುಕಿನಲ್ಲಿ ಚಳಿ ಜಾಸ್ತಿ.

ಬಂದ ತಕ್ಷಣ ಮೆಟ್ಟಿಲು ಹತ್ತಲು ಓಡಬೇಡಿ. ಮೊದಲು ಕೆಳಗಿನ ಹಾಲ್‌ನಲ್ಲಿ ನಿಂತು ತಲೆ ಎತ್ತಿ. ನಡುವೆ ಒಂದು ಕಂಬವೂ ಇಲ್ಲ, ಅಲ್ವಾ? ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟ ಹಾಗೆ ಎಂಟು ಕಮಾನುಗಳು ಒಂದನ್ನೊಂದು ಹಾದು ಹೋಗುತ್ತವೆ. ಹೊರಗಿನಿಂದ ಸುಮಾರು 44 ಮೀಟರ್ ಅಗಲ ಇರುವ ಗುಮ್ಮಟದ ಭಾರವನ್ನು ಅವೇ ಹೊತ್ತಿವೆ. ಇದು 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲಶಾಹಿಯ ಸಮಾಧಿ. ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ. ಅವನ, ಅವನ ಮನೆಯವರ ನಿಜವಾದ ಗೋರಿಗಳು ನೆಲಮಾಳಿಗೆಯಲ್ಲಿವೆ. ಅವರಲ್ಲಿ ರಂಭಾ ಎಂಬ ನರ್ತಕಿಯೂ ಒಬ್ಬಳು ಎನ್ನುತ್ತಾರೆ. ದಕ್ಷಿಣದ ಬಾಗಿಲಿನಲ್ಲಿ ಸರಪಳಿಗೆ ಒಂದು ಕಲ್ಲು ತೂಗುಹಾಕಿದ್ದಾರೆ. ಸಿಡಿಲಿನಿಂದ ಕಾಪಾಡುವ ಬಿಜಲಿ ಪತ್ಥರ್ ಎಂದು ಊರವರ ನಂಬಿಕೆ. ಆತುರದಲ್ಲಿ ಎಷ್ಟೋ ಜನ ಅದನ್ನು ನೋಡುವುದೇ ಇಲ್ಲ.

ಆಮೇಲೆ ಹತ್ತಿ. ಮೂಲೆಯ ಗೋಪುರದ ಏಳು ಅಂತಸ್ತಿನ ಮೆಟ್ಟಿಲು ಕಿರಿದು, ಎತ್ತರ ಬೇರೆ. ಮೊಣಕಾಲು ನೋವಿರುವವರು ಕೆಳಗೇ ಇರುವುದು ಒಳ್ಳೆಯದು. ಮೇಲಿನ ಗ್ಯಾಲರಿಯಲ್ಲಿ ಒಬ್ಬರು ಈ ಬದಿ, ಇನ್ನೊಬ್ಬರು ಎದುರು ಬದಿ ಗೋಡೆಗೆ ಕಿವಿ ಹತ್ತಿರ ಮಾಡಿ ಕುಳಿತುಕೊಳ್ಳಿ. ಮಾತನಾಡುವವರು ನಡುವಿನ ಬಯಲಿಗೆ ಮುಖ ಮಾಡಬಾರದು, ಗೋಡೆಗೆ ಮಾಡಬೇಕು. ಕಾಗದ ಹರಿದರೂ ಸಾಕು, ಆ ಬದಿಗೆ ಕೇಳುತ್ತದೆ. ಒಂದು ಚಪ್ಪಾಳೆ ತಟ್ಟಿ ಸುಮ್ನೆ ಕುಳಿತು ಎಷ್ಟು ಸಲ ಮರುದನಿ ಬರುತ್ತದೆ ಎಂದು ಎಣಿಸಿ. ಇಳಿದ ಮೇಲೆ ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ನೋಡಿ. ಅದಕ್ಕೆ ಶುಕ್ರವಾರ ರಜೆ.

ಎರಡನೇ ಇಬ್ರಾಹಿಂನ ಸಮಾಧಿಯಾದ ಇಬ್ರಾಹಿಂ ರೋಜಾವನ್ನು ಸಂಜೆಗೆ ಇಟ್ಟುಕೊಳ್ಳಿ. ಇಳಿಬಿಸಿಲಿನಲ್ಲಿ ಆ ಕಲ್ಲಿಗೆ ಬೇರೆಯೇ ಬಣ್ಣ ಬರುತ್ತದೆ. ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಿಯಾಗಿ ಕೊರೆದಿದ್ದಾರೆ. ಒಳಗೆ ನಿಂತು ನೋಡಿದರೆ ಬೆಳಕು ಬರುವುದು ಅಕ್ಷರಗಳ ಸಂದಿನಿಂದ. ಗೋಲಗುಮ್ಮಟ ದೊಡ್ಡದು ನಿಜ. ಆದರೆ ಕುಸುರಿ ಕೆಲಸಕ್ಕೆ ನನ್ನ ಮನಸ್ಸು ಇದರ ಕಡೆಗೇ.

ಅಲ್ಲಿಂದ ವಾಪಸ್ ಬರುವಾಗ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಬಾಯಿಯ ಕಡೆ ಸಿಂಹವು ಆನೆಯನ್ನು ನುಂಗುವ ಹಾಗೆ ಕೆತ್ತಿದ್ದಾರೆ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಉಪಲಿ ಬುರುಜಿಗೆ ಬನ್ನಿ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿದರೆ ಪೂರ್ವಕ್ಕೆ ಗೋಲಗುಮ್ಮಟ, ಪಶ್ಚಿಮಕ್ಕೆ ರೋಜಾ, ನಡುವೆ ಇಡೀ ಊರು ಒಂದೇ ನೋಟಕ್ಕೆ ಸಿಗುತ್ತದೆ. ಬಾರಾಕಮಾನ್, ಗಗನ ಮಹಲ್ ಎರಡೂ ಹತ್ತಿರವೇ. ಎರಡನೇ ದಿನ ಟಾಂಗಾ ಮಾಡಿಕೊಂಡು ನೋಡಿ. ಆಸಾರ್ ಮಹಲ್‌ನ ಒಳಗೆ ಹೆಂಗಸರಿಗೆ ಪ್ರವೇಶ ಇಲ್ಲ. ಹೊರಗಿನ ಎತ್ತರದ ಸಾಗವಾನಿ ಕಂಬಗಳು, ಮುಂದಿನ ಹೊಂಡ ನೋಡಬಹುದು.

ಉಳಿದ ತಿಂಗಳುಗಳು

ಫೆಬ್ರವರಿ, ಮಾರ್ಚ್‌ನಲ್ಲಿ ಬರುವವರು ತಿಕೋಟಾ ಕಡೆ ಒಂದು ಸುತ್ತು ಹೋಗಿ. ದ್ರಾಕ್ಷಿ ಕಟಾವಿನ ಕಾಲ. ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ನೆರಳಲ್ಲಿ ಎರಡು ವಾರ ಒಣಗಿಸುತ್ತಾರೆ. ರೈತರನ್ನು ಕೇಳಿದರೆ ತೋರಿಸುತ್ತಾರೆ, ಒಣದ್ರಾಕ್ಷಿಯನ್ನು ಅಲ್ಲೇ ಕೊಳ್ಳಬಹುದು.

ಮಳೆಗಾಲದಲ್ಲಿ ಈ ಊರಿಗೆ ಮಳೆ ಕಡಿಮೆ. ಆದರೆ ಮಹಾರಾಷ್ಟ್ರದಲ್ಲಿ ಸುರಿದದ್ದು ಕೃಷ್ಣೆಯಲ್ಲಿ ಬಂದು ಆಲಮಟ್ಟಿ ತುಂಬುತ್ತದೆ. ಜುಲೈ, ಆಗಸ್ಟ್‌ನಲ್ಲಿ ಡ್ಯಾಂ ಗೇಟು ತೆಗೆದ ಸುದ್ದಿ ಪೇಪರಿನಲ್ಲಿ ಬಂದ ದಿನವೇ ಹೊರಡಿ. ದಾರಿಯಲ್ಲಿ ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ ಸಿಗುತ್ತದೆ. ಶ್ರಾವಣದಲ್ಲಿ ಅಲ್ಲಿ ಮೂಲನಂದೀಶ್ವರನ ಜಾತ್ರೆ. ನಾಗರ ಪಂಚಮಿಗೆ ಯಾರ ಮನೆಗಾದರೂ ಹೋದರೆ ಉಂಡಿಯ ಡಬ್ಬಿ ತೆರೆದೇ ಇರುತ್ತದೆ. ದಸರಾಕ್ಕೆ ಬಂದರೆ ಹಿರಿಯರ ಕೈಗೆ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಎನ್ನುವುದನ್ನು ಮರೆಯಬೇಡಿ.

ಮೊಹರಂ, ದರ್ಗಾಗಳ ಉರುಸು ಚಂದ್ರನ ಲೆಕ್ಕದವು. ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. ನಮ್ಮ ಹಳ್ಳಿಗಳಲ್ಲಿ ಮೊಹರಂ ಎಲ್ಲರ ಹಬ್ಬ. ಮೊಹರಂನಲ್ಲಿ ಹಾಡುವ ರಿವಾಯತ್ ಪದ ಕೇಳಬೇಕೆಂದರೆ ಕೊನೆಯ ಎರಡು ರಾತ್ರಿ ಹಳ್ಳಿ ಕಡೆ ಹೋಗಬೇಕು.

ಬೇಸಿಗೆಯ ಮಾತು ಕೊನೆಗೆ ಇಟ್ಟಿದ್ದೇನೆ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬರಬೇಡಿ ಎಂದು ಹೇಳುವ ಮನಸ್ಸಿದೆ. ಆದರೆ ಮಕ್ಕಳಿಗೆ ರಜೆ ಸಿಗುವುದು ಆಗಲೇ. ಬಂದರೆ ದಿನವನ್ನು ಎರಡು ತುಂಡು ಮಾಡಿ. ಆರಕ್ಕೆ ಗೋಲಗುಮ್ಮಟ, ಒಂಬತ್ತರೊಳಗೆ ಜಾಮಿಯಾ ಮಸೀದಿ. ಒಳಗೆ ತಂಪಿರುತ್ತದೆ, ನಮಾಜಿಗೆಂದು ನೆಲದಲ್ಲಿ ಎಳೆದ 2250 ಚೌಕಗಳನ್ನು ಸಮಾಧಾನವಾಗಿ ನೋಡಬಹುದು. ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡ, ಅದು ಪ್ರಾರ್ಥನೆಯ ಹೊತ್ತು. ಹನ್ನೊಂದಕ್ಕೆ ಲಾಡ್ಜ್ ಸೇರಿ, ಖಾನಾವಳಿಯಲ್ಲಿ ನುಚ್ಚು ಮಜ್ಜಿಗೆ ಇದ್ದರೆ ಅದನ್ನೇ ಕೇಳಿ ಉಂಡು ಮಲಗಿ. ಮತ್ತೆ ಹೊರಡುವುದು ಸಂಜೆ ಐದರ ಹೊತ್ತಿಗೆ. ಮಕ್ಕಳಿಗೆ ಟೋಪಿಯ ಜೊತೆ ಒಂದು ಜೊತೆ ದಪ್ಪ ಸಾಕ್ಸ್ ಕೂಡ ಇಟ್ಟುಕೊಳ್ಳಿ. ಚಪ್ಪಲಿ ಬಿಟ್ಟು ಮಸೀದಿಯ ಅಂಗಳ ದಾಟುವಾಗ ಕಲ್ಲು ಕಾದಿರುತ್ತದೆ.