ಎರಡು ಪ್ರಾಜೆಕ್ಟ್‌ಗಳನ್ನು ಒಟ್ಟಿಗೆ ತೆರೆದು ಎಡಿಟ್ ಮಾಡುವ ಕ್ರಮ

ಮದುವೆಯ ಹಂಗಾಮಿನಲ್ಲಿ ವಿಡಿಯೊ ಎಡಿಟರ್‌ ಕೈಯಲ್ಲಿ ಒಂದೇ ಕೆಲಸವಿರುವುದು ಅಪರೂಪ. ಒಂದು ಮನೆಯ ಧಾರೆಯ ಪೂರ್ಣ ವಿಡಿಯೊ ಅರ್ಧಕ್ಕೆ ನಿಂತಿರುವಾಗಲೇ ಇನ್ನೊಂದು ಮನೆಯವರು ಆರತಕ್ಷತೆಯ ರೀಲ್ ಕೇಳುತ್ತಾರೆ, ಆ ರೀಲ್‌ಗೆ ಬೇಕಾದ ಟೈಟಲ್ ಕಳೆದ ತಿಂಗಳ ಮತ್ತಾವುದೋ ಪ್ರಾಜೆಕ್ಟ್‌ನಲ್ಲಿ ಕುಳಿತಿರುತ್ತದೆ. ಇಂತಹ ಹೊತ್ತಿನಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತ ಕೂರಬೇಕಾಗಿಲ್ಲ. ಆದರೆ ಎರಡನ್ನೂ ತೆರೆಯುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ: ಪ್ರಾಜೆಕ್ಟ್ ಫೈಲ್‌ನೊಳಗೆ ವಿಡಿಯೊ ಇರುವುದಿಲ್ಲ, ಅದು ಯಾವ ಡ್ರೈವ್‌ನ ಯಾವ ಫೋಲ್ಡರ್‌ನಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. ಮುಂದೆ ಹೇಳುವ ತೊಡಕುಗಳಲ್ಲಿ ಹೆಚ್ಚಿನವು ಈ ವಿಳಾಸದಿಂದಲೇ ಹುಟ್ಟುವಂಥವು.

ಅಡೋಬಿ ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎರಡು ಪ್ರಾಜೆಕ್ಟ್ ಒಟ್ಟಿಗೆ ತೆರೆಯುವ ಸೌಲಭ್ಯ 2017ರ ಅಕ್ಟೋಬರ್‌ನಲ್ಲಿ ಬಂದ ಆವೃತ್ತಿಯಿಂದ ಇದೆ. ಮೊದಲ ಪ್ರಾಜೆಕ್ಟ್ ತೆರೆದಿರುವಾಗಲೇ ಫೈಲ್ ಮೆನುವಿನ ಓಪನ್ ಪ್ರಾಜೆಕ್ಟ್ ಮೂಲಕ ಎರಡನೆಯದನ್ನು ತೆರೆದರೆ, ಅದಕ್ಕೆ ಪ್ರತ್ಯೇಕ ಪ್ರಾಜೆಕ್ಟ್ ಪ್ಯಾನೆಲ್ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಬೇಕಾದ ಕ್ಲಿಪ್ ಅಥವಾ ಇಡೀ ಸೀಕ್ವೆನ್ಸನ್ನು (ಕ್ರಮವಾಗಿ ಜೋಡಿಸಿದ ಕ್ಲಿಪ್‌ಗಳ ಸಾಲು) ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಬಹುದು. ಸೇವ್ ಆಜ್ಞೆ ಆ ಕ್ಷಣಕ್ಕೆ ಸಕ್ರಿಯವಾಗಿರುವ ಪ್ರಾಜೆಕ್ಟನ್ನು ಮಾತ್ರ ಉಳಿಸುತ್ತದೆಯಾದ್ದರಿಂದ, ಎರಡರಲ್ಲೂ ಕೈಯಾಡಿಸಿದ್ದರೆ ಅದೇ ಮೆನುವಿನಲ್ಲಿರುವ ಸೇವ್ ಆಲ್ ಬಳಸಬೇಕು.

ಸೀಕ್ವೆನ್ಸ್ ಪೇಸ್ಟ್ ಮಾಡಿದಾಗ ಅದರಲ್ಲಿ ಬಳಸಿದ ಮೂಲ ಕ್ಲಿಪ್‌ಗಳ ನಕಲುಗಳೂ ಜೊತೆಗೆ ಬರುತ್ತವೆ. ನಾಲ್ಕು ಬಾರಿ ಹೀಗೆ ಮಾಡಿದರೆ ಒಂದೇ ಹಾಡು, ಒಂದೇ ಲೋಗೊ ಬಿನ್‌ನಲ್ಲಿ (ಪ್ರಾಜೆಕ್ಟ್‌ನೊಳಗಿನ ಫೋಲ್ಡರ್) ನಾಲ್ಕು ಕಡೆ ಕಾಣಿಸಬಹುದು. ಇವನ್ನು ಕೈಯಿಂದ ಅಳಿಸಲು ಹೋಗಬೇಡಿ. ಅಳಿಸಿದ ಕ್ಲಿಪ್, ಸೀಕ್ವೆನ್ಸ್ ಜೋಡಿಸುವ ಪಟ್ಟಿಯಾದ ಟೈಮ್‌ಲೈನ್‌ನಿಂದಲೂ ಹೋಗಬಹುದು. ಎಡಿಟ್ ಮೆನುವಿನ ಕನ್ಸಾಲಿಡೇಟ್ ಡೂಪ್ಲಿಕೇಟ್ಸ್ ಎಂಬ ಆಜ್ಞೆ ನಕಲುಗಳನ್ನು ಒಂದಾಗಿಸುತ್ತದೆ.

ಈ ನಕಲಿನ ಕಾಟವೇ ಬೇಡವೆನ್ನುವವರಿಗೆ 2020ರಲ್ಲಿ ಬಂದ ಪ್ರೊಡಕ್ಷನ್ಸ್ ವ್ಯವಸ್ಥೆ ಇದೆ. ಇದರಲ್ಲಿ ಹಲವು ಪ್ರಾಜೆಕ್ಟ್‌ಗಳು ಒಂದೇ ಫೋಲ್ಡರ್‌ನ ಅಡಿ ಸೇರುತ್ತವೆ, ಮತ್ತು ಒಂದರ ಕ್ಲಿಪ್ಪನ್ನು ಇನ್ನೊಂದರ ಸೀಕ್ವೆನ್ಸ್‌ಗೆ ಎಳೆದರೆ ನಕಲಾಗದೆ ಮೂಲಕ್ಕೇ ಕೊಂಡಿ ಬೆಸೆಯುತ್ತದೆ. ಕಂತುಗಳಲ್ಲಿ ಬರುವ ಸರಣಿಗೆ, ಅಥವಾ ಅರಿಶಿನ ಶಾಸ್ತ್ರದಿಂದ ಬೀಗರ ಔತಣದವರೆಗೆ ಹರಡಿದ ಒಂದೇ ಮನೆಯ ಕೆಲಸಕ್ಕೆ ಇದು ತಕ್ಕದ್ದು. ಸಂಬಂಧವಿಲ್ಲದ ಎರಡು ಗಿರಾಕಿಗಳ ಕೆಲಸವನ್ನು ಇದರಲ್ಲಿ ಸೇರಿಸುವುದು ನನ್ನ ಮಟ್ಟಿಗೆ ಅವಿವೇಕ, ಏಕೆಂದರೆ ಮುಂದೆ ಒಂದನ್ನು ಬೇರ್ಪಡಿಸಿ ಕೊಡಬೇಕಾದಾಗ ಕೊಂಡಿಗಳೆಲ್ಲ ಅಡ್ಡ ಬರುತ್ತವೆ.

ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ದಾರಿ ಸ್ವಲ್ಪ ಬೇರೆ. ಅದರ ಪ್ರಾಜೆಕ್ಟ್‌ಗಳನ್ನೆಲ್ಲ ತೋರಿಸುವ ಪ್ರಾಜೆಕ್ಟ್ ಮ್ಯಾನೇಜರ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಡೈನಮಿಕ್ ಪ್ರಾಜೆಕ್ಟ್ ಸ್ವಿಚಿಂಗ್ ಆಯ್ಕೆ ಮಾಡಿಕೊಂಡರೆ, ತೆರೆದ ಪ್ರಾಜೆಕ್ಟ್‌ಗಳು ಮೆಮೊರಿಯಲ್ಲೇ ಉಳಿಯುತ್ತವೆ ಮತ್ತು ಪರದೆಯ ಮೇಲ್ಭಾಗದ ಹೆಸರನ್ನು ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ರ‍್ಯಾಮ್ ಕಡಿಮೆಯಿರುವ ಯಂತ್ರದಲ್ಲಿ ಇದರ ಭಾರ ಬೇಗ ತಿಳಿಯುತ್ತದೆ. ಬೇಕಾದ್ದನ್ನು ತಂದುಕೊಂಡ ಮೇಲೆ ಈ ಆಯ್ಕೆಯನ್ನು ತೆಗೆದುಬಿಡುವುದು ಮೇಲು. ಪದೇ ಪದೇ ಬೇಕಾಗುವ ಲೋಗೊ, ಹಿನ್ನೆಲೆ ಸಂಗೀತಗಳನ್ನು ಪವರ್ ಬಿನ್‌ನಲ್ಲಿ ಇಟ್ಟರೆ ಅವು ಪ್ರತಿ ಪ್ರಾಜೆಕ್ಟ್‌ನಲ್ಲೂ ಸಿಗುವುದರಿಂದ, ಎರಡು ಪ್ರಾಜೆಕ್ಟ್ ತೆರೆಯುವ ಅಗತ್ಯವೇ ಬಾರದಿರಬಹುದು. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬ ಲೆಕ್ಕ) ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇಂಪೋರ್ಟ್ ಮಾಡಿದ ಕ್ಲಿಪ್‌ಗಳು ಸೇರುವ ಮೀಡಿಯಾ ಪೂಲ್‌ಗೆ ಕ್ಲಿಪ್ ಬಿದ್ದ ನಂತರ ಪ್ರಾಜೆಕ್ಟ್‌ನ ಟೈಮ್‌ಲೈನ್ ಫ್ರೇಮ್ ರೇಟ್ ಬದಲಿಸಲಾಗದು. ಆದ್ದರಿಂದ ಒಂದು 25ರಲ್ಲಿ, ಇನ್ನೊಂದು 30ರಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಯಾವ ಸಾಫ್ಟ್‌ವೇರ್ ಆದರೂ ಹೆಸರಿಡುವುದರಲ್ಲಿ ಸೋಮಾರಿತನ ಸಲ್ಲದು. ಎರಡೂ ಪ್ರಾಜೆಕ್ಟ್‌ಗಳಲ್ಲಿ "ಧಾರೆ" ಎಂಬ ಸೀಕ್ವೆನ್ಸ್ ಇದ್ದರೆ ಟೈಮ್‌ಲೈನ್‌ನ ಟ್ಯಾಬ್‌ಗಳಲ್ಲಿ ಯಾವುದು ಯಾರದೆಂದು ತಿಳಿಯುವುದಿಲ್ಲ. ನಾನೊಮ್ಮೆ ರಾತ್ರಿ ಹನ್ನೊಂದಕ್ಕೆ ಒಬ್ಬರ ತಾಳಿ ಕಟ್ಟುವ ದೃಶ್ಯವನ್ನು ಇನ್ನೊಬ್ಬರ ರೀಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಕಳುಹಿಸುವ ಮೊದಲು ನೋಡಿದ್ದರಿಂದ ಬಚಾವಾದೆ. ಅಂದಿನಿಂದ ಊರು, ಮನೆತನ, ದಿನಾಂಕ ಮೂರೂ ಪ್ರತಿ ಸೀಕ್ವೆನ್ಸ್‌ನ ಹೆಸರಿನಲ್ಲಿರುತ್ತವೆ.

ಕೊನೆಯದಾಗಿ, ಮುಗಿದ ಕೆಲಸವನ್ನು ಡ್ರೈವ್‌ನಿಂದ ತೆಗೆಯುವ ಘಟ್ಟ. ಹಳೆಯ ಪ್ರಾಜೆಕ್ಟ್‌ನಿಂದ ಎರವಲು ತಂದ ಲೋಗೊ ಹೊಸದರಲ್ಲಿ ಕಾಣಿಸುತ್ತಿದ್ದರೂ, ಅದರ ವಿಳಾಸ ಹಳೆಯ ಫೋಲ್ಡರ್‌ದೇ ಆಗಿರುತ್ತದೆ. ಆ ಫೋಲ್ಡರ್ ಅಳಿಸಿದೊಡನೆ ಹೊಸ ಟೈಮ್‌ಲೈನ್‌ನಲ್ಲಿ ಮೀಡಿಯಾ ಆಫ್‌ಲೈನ್ ಎಂಬ ಕೆಂಪು ಪರದೆ ಬರುತ್ತದೆ. ಹೀಗಾಗದಂತೆ, ಎರವಲು ತರುವ ಕ್ಲಿಪ್‌ಗಳನ್ನು ಮೊದಲು ಒಂದು ಸಾಮಾನ್ಯ ಫೋಲ್ಡರ್‌ಗೆ ಕಾಪಿ ಮಾಡಿ ಅಲ್ಲಿಂದಲೇ ಇಂಪೋರ್ಟ್ ಮಾಡಿಕೊಳ್ಳಿ. ಅಷ್ಟು ಹೊತ್ತಿಗಾಗಲೇ ಎಲ್ಲ ಬೆರೆತುಹೋಗಿದ್ದರೆ, ಪ್ರೀಮಿಯರ್‌ನ ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ಕಲೆಕ್ಟ್ ಫೈಲ್ಸ್ ಆ್ಯಂಡ್ ಕಾಪಿ ಟು ನ್ಯೂ ಲೊಕೇಶನ್ ಆಯ್ದು ಹೊಸ ಕೆಲಸಕ್ಕೆ ಬೇಕಾದ ಫೈಲ್‌ಗಳನ್ನೆಲ್ಲ ಒಂದೆಡೆ ಸೇರಿಸಿ, ಹಾಗೆ ಸಿದ್ಧವಾದ ಪ್ರಾಜೆಕ್ಟ್ ತೆರೆದು ಟೈಮ್‌ಲೈನ್ ಪೂರ್ತಿ ಓಡಿಸಿ ನೋಡಿದ ಮೇಲೆ ಹಳೆಯ ಫೋಲ್ಡರ್ ಅಳಿಸಿ.